ಟಿ. ನಗರದಲ್ಲಿ ಮೀನು ಸುಡುವ ವಿಚಾರ

ಮದ್ರಾಸಿನಲ್ಲಿ ಕನ್ನಡದವರ ಇತಿಹಾಸ ಅಂತ ಯಾರಾದರೂ ಬರೆಯಲು ಕೂತರೆ ಮೊದಲನೇ ಪುಟದಲ್ಲೇ ಇಡ್ಲಿ, ಎರಡನೇ ಪುಟದಲ್ಲಿ ಮಸಾಲೆದೋಸೆ. ತಪ್ಪೇನಿಲ್ಲ. ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ್ದು, 1962ರಲ್ಲಿ ಡ್ರೈವ್-ಇನ್ ಬಂದದ್ದು, 2008ರಲ್ಲಿ ಅದು ಮುಚ್ಚಿದಾಗ ಊರಿಗೆ ಊರೇ ಮರುಗಿದ್ದು, ಎಲ್ಲವೂ ಬರೆದಿಡಬೇಕಾದ ಸಂಗತಿಗಳೇ. ಆದರೆ ಇದರಿಂದ ಒಂದು ಎಡವಟ್ಟಾಯಿತು. ಇಲ್ಲಿನವರ ಲೆಕ್ಕದಲ್ಲಿ ಕನ್ನಡದವ ಅಂದರೆ ಉಡುಪಿಯವ, ಉಡುಪಿಯವ ಅಂದರೆ ಹೋಟೆಲಿನವ, ಹೋಟೆಲಿನವ ಅಂದರೆ ಶುದ್ಧ ಸಸ್ಯಾಹಾರಿ. ಅದೇ ಉಡುಪಿಯಿಂದ ಮೂರು ನಾಲ್ಕು ಮೈಲು ಪಡುವಣಕ್ಕೆ ನಡೆದರೆ ಮಲ್ಪೆ ಬಂದರು ಉಂಟು ಮಾರಾಯ್ರೆ, ಅಲ್ಲಿ ಬುಟ್ಟಿಗಟ್ಟಲೆ ಮೀನು ಇಳಿಯುತ್ತದೆ ಅಂತ ಯಾರಿಗೆ ಹೇಳುವುದು?

ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ ತನಕ ಮದ್ರಾಸಿಗೇ ಸೇರಿತ್ತು. ಕಾಸರಗೋಡೂ ಅದರೊಳಗೇ ಇತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಅಲ್ಲಿಂದಾಚೆಗೆ ಓದಲಿಕ್ಕೆ, ಕೋರ್ಟಿಗೆ, ಸರಕಾರಿ ಗುಮಾಸ್ತಿಕೆಗೆ ನಮ್ಮವರ ಕಣ್ಣು ಬೆಂಗಳೂರಿನ ಕಡೆಗಲ್ಲ, ಮದ್ರಾಸಿನ ಕಡೆಗೆ. ಬಂದವರಲ್ಲಿ ಹೋಟೆಲಿನವರಷ್ಟೇ ಇರಲಿಲ್ಲ. ಬಂಟರು, ಬಿಲ್ಲವರು, ಮೊಗವೀರರು, ಬ್ಯಾರಿಗಳು, ಕೊಂಕಣಿ ಕ್ರೈಸ್ತರು, ಮೀನು ತಿನ್ನುವ ಸಾರಸ್ವತರು ಎಲ್ಲರೂ ಇದ್ದರು. ಇವರು ಅಂಗಡಿಗೆ ಬೋರ್ಡು ಹಾಕಿಕೊಳ್ಳಲಿಲ್ಲ, ಮನೆಯೊಳಗೆ ಅಡುಗೆ ಮಾಡಿಕೊಂಡರು. ಬೋರ್ಡು ಇಲ್ಲದವರು ಇತಿಹಾಸಕ್ಕೆ ಸುಲಭವಾಗಿ ಸಿಗುವುದಿಲ್ಲ.

ತಮಾಷೆಯೆಂದರೆ, ನಾವು ಬಂದು ಕೂತ ಟಿ. ನಗರವೇ ಹಿಂದೆ ನೀರಿನ ಕೆಳಗಿತ್ತು. ನುಂಗಂಬಾಕ್ಕಂನಿಂದ ಸೈದಾಪೇಟೆಯ ಕಡೆಗೆ ಚಾಚಿಕೊಂಡಿದ್ದ ದೊಡ್ಡ ಕೆರೆ, ಬ್ರಿಟಿಷರ ಬಾಯಲ್ಲಿ ಲಾಂಗ್ ಟ್ಯಾಂಕ್. ದೊರೆಗಳು ಅದರಲ್ಲಿ ದೋಣಿ ಪಂದ್ಯ ಆಡುತ್ತಿದ್ದರು. 1923ರಿಂದ ಕೆರೆಯ ನೀರು ಬಸಿದು ಮಾಂಬಲದಲ್ಲಿ ಬಡಾವಣೆ ಮಾಡತೊಡಗಿದರು. ಜಸ್ಟಿಸ್ ಪಕ್ಷದ ಕಾಲ, ಹಾಗಾಗಿ 1925ರಲ್ಲಿ ತೀರಿಕೊಂಡ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು ಊರಿಗೆ, ಪಾನಗಲ್ ರಾಜರ ಹೆಸರು ನಡುವಿನ ಪಾರ್ಕಿಗೆ. ಪಶ್ಚಿಮ ಮಾಂಬಲದಲ್ಲಿ ಇಂದಿಗೂ ಲೇಕ್ ವ್ಯೂ ರೋಡ್ ಅಂತ ಒಂದು ರಸ್ತೆ ಇದೆ. ವ್ಯೂ ಮಾಡಲಿಕ್ಕೆ ಲೇಕ್ ಮಾತ್ರ ಇಲ್ಲ. 2015ರ ಡಿಸೆಂಬರ್ ಮಳೆಯಲ್ಲಿ ಟಿ. ನಗರದ ಬೀದಿಗಳಲ್ಲಿ ನೀರು ನಿಂತಾಗ, ಕೆರೆ ತನ್ನ ಹಳೇ ವಿಳಾಸ ಮರೆತಿಲ್ಲ ಅಂದುಕೊಂಡೆವು.

ಹೀಗೆ ಒಂದು ಕಾಲಕ್ಕೆ ಮೀನು ಈಜಿರಬೇಕಾದ ಜಾಗದಲ್ಲೇ ಮೀನು ಬೇಯಿಸುವವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. 'ವೆಜಿಟೇರಿಯನ್ಸ್ ಓನ್ಲಿ' ಎಂಬ ಟು-ಲೆಟ್ ಬೋರ್ಡು ಟಿ. ನಗರ, ಮಾಂಬಲಗಳಲ್ಲಿ ಅಲೆದವರಿಗೆಲ್ಲ ಪರಿಚಿತ. ನಮ್ಮನ್ನೂ ಒಬ್ಬ ಮನೆಯೊಡೆಯರು "ಉಡುಪಿಯವರಾ, ಹಾಗಾದರೆ ಕೇಳುವುದೇ ಬೇಡ" ಅಂತ ಖುಷಿಯಿಂದ ಮುಂಗಡ ತೆಗೆದುಕೊಂಡಿದ್ದರು. "ನಾವು ಮೀನು ತಿನ್ನುವವರು" ಅಂತ ನನ್ನ ಹೆಂಡತಿ ಹೇಳಿದ ಕೂಡಲೇ ಅದೇ ನೋಟುಗಳನ್ನು ಅಷ್ಟೇ ಮರ್ಯಾದೆಯಿಂದ ವಾಪಸು ಕೊಟ್ಟರು. ಜಗಳವೇನೂ ಆಗಲಿಲ್ಲ, ಕಾಫಿಯನ್ನೂ ಕೊಟ್ಟರು.

ಮನೆ ಸಿಕ್ಕ ಮೇಲೂ ಮುಖ್ಯ ಪ್ರಶ್ನೆ ವಾಸನೆಯದ್ದು. ಎಣ್ಣೆಯಲ್ಲಿ ಬೂತಾಯಿ ಹುರಿದರೆ ಮೂರನೇ ಮಹಡಿಗೂ ಸುದ್ದಿ ಮುಟ್ಟುತ್ತದೆ. ಇಲ್ಲಿಯೇ ನಿಂಬೆಹಣ್ಣು ನಮ್ಮ ನೆರವಿಗೆ ಬಂದದ್ದು. ಸಮುದ್ರದ ಮೀನಿನ ಮೈಯಲ್ಲಿ ವಾಸನೆಯಿಲ್ಲದ ಒಂದು ಪದಾರ್ಥ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಟ್ರೈಮಿಥೈಲಮೀನ್ ಮಾಡುತ್ತವೆ. 'ಮೀನು ನಾತ' ಅನ್ನುವುದು ಬಹುಪಾಲು ಇದನ್ನೇ. ಹುಳಿ ತಾಗಿದರೆ ಅದು ಗಾಳಿಗೆ ಹಾರದ ಲವಣವಾಗಿ ಅಲ್ಲೇ ಕೂತುಬಿಡುತ್ತದೆ. ನಮ್ಮ ಅಜ್ಜಿಯರು ಹುಣಸೆ, ಬಿಂಬುಳಿ, ಅಂಬಟೆ, ಪುನರ್ಪುಳಿ ಹಾಕುತ್ತಿದ್ದುದರಲ್ಲೂ ಈ ಲೆಕ್ಕ ಉಂಟು.

ಆದ್ದರಿಂದ ಭಾನುವಾರ ನಮ್ಮ ಮನೆಯಲ್ಲಿ ಆಗುವುದು ಇಷ್ಟು. ಸೈದಾಪೇಟೆಯಿಂದ ಮಾಂಜಿ ತರುವುದು. ಇಲ್ಲಿಯವರು ಇದನ್ನು ವವ್ವಾಲ್ ಅನ್ನುತ್ತಾರೆ, ತಮಿಳಿನಲ್ಲಿ ಬಾವಲಿಗೂ ಅದೇ ಹೆಸರು. ರೆಕ್ಕೆ ಬಿಚ್ಚಿದ ಆಕಾರ ನೋಡಿದರೆ ಹೆಸರು ಇಟ್ಟವರ ಮೇಲೆ ಪ್ರೀತಿ ಬರುತ್ತದೆ. ಮಾಂಜಿ ತುಟ್ಟಿಯಾದ ದಿನ ಕಾಣೆ, ಇಲ್ಲವೇ ಕೊಡುವಾ. ಎರಡೂ ಬದಿಗೆ ಓರೆಯಾಗಿ ಗೀರಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಒಳ್ಳೆಮೆಣಸು, ಹೆಚ್ಚಿದ ಕೊತ್ತಂಬರಿ ಸೊಪ್ಪು, ಸ್ವಲ್ಪ ಪುದೀನ, ಒಂದು ನಿಂಬೆಹಣ್ಣಿನ ರಸ. ಹದಿನೈದು, ಇಪ್ಪತ್ತು ನಿಮಿಷ ಸಾಕು. ಗಂಟೆಗಟ್ಟಲೆ ಇಟ್ಟರೆ ಹುಳಿಯೇ ಮಾಂಸವನ್ನು ಅರೆಬರೆ ಬೇಯಿಸಿ, ಆಮೇಲೆ ಬೆಂಕಿಗೆ ಹಾಕಿದಾಗ ಹಿಟ್ಟುಹಿಟ್ಟಾಗುತ್ತದೆ. ಬಂಗುಡೆ, ಬೂತಾಯಿ ತಮ್ಮ ಕೊಬ್ಬಿನಲ್ಲೇ ಸುಟ್ಟುಕೊಳ್ಳುತ್ತವೆ, ಬಿಳಿ ಮೀನಿಗೆ ಮಾತ್ರ ಮೈಗೆಲ್ಲ ಎಣ್ಣೆ ಸವರಬೇಕು. ಓವನ್ನಿನ ಗ್ರಿಲ್ ಕಂಬಿಗಳು ಚೆನ್ನಾಗಿ ಕಾದ ಮೇಲೆ ಇಟ್ಟು, ಒಂದು ಬದಿ ತಾನಾಗಿ ಬಿಟ್ಟುಕೊಳ್ಳುವ ತನಕ ಮುಟ್ಟಬಾರದು. ದಪ್ಪ ಭಾಗದಲ್ಲಿ ಮಾಂಸ ಪಾರದರ್ಶಕತೆ ಕಳೆದುಕೊಂಡು ಪದರಪದರವಾಗಿ ಬಿಟ್ಟರೆ ಆಯಿತು. ಕೊನೆಗೆ ಇನ್ನರ್ಧ ನಿಂಬೆ.

"ಇದು ನಮ್ಮದಲ್ಲ, ಇಂಗ್ಲಿಷಿನವರದ್ದು" ಎಂಬುದು ಊರಿನಿಂದ ಬಂದ ನನ್ನ ಅತ್ತೆಯವರ ತೀರ್ಪು. ಮೀನು ಅಂದರೆ ಕೆಂಪಗಿರಬೇಕು, ಬ್ಯಾಡಗಿ ಮೆಣಸು, ತೆಂಗಿನಕಾಯಿ ಅರೆದಿರಬೇಕು. ಅವರ ಮಾತು ನಾಲಿಗೆಯ ಮಟ್ಟಿಗೆ ನಿಜ, ಚರಿತ್ರೆಯ ಮಟ್ಟಿಗೆ ಪೂರಾ ಅಲ್ಲ. ಬ್ಯಾಡಗಿಯ ಪೂರ್ವಜರು ಅಮೆರಿಕದವರು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು ಆಮೇಲೆ. ಅದಕ್ಕೆ ಮುಂಚೆ ನಮ್ಮ ಮೀನು ಕೆಂಪಗಿರಲು ಸಾಧ್ಯವೇ ಇರಲಿಲ್ಲ.

ಹೇಗಿತ್ತು ಅನ್ನಲು ಒಂದು ಗಟ್ಟಿ ಸಾಕ್ಷಿ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (ಆಳಿದ್ದು 1126ರಿಂದ 1138) ಬರೆದ ಸಂಸ್ಕೃತದ 'ಮಾನಸೋಲ್ಲಾಸ'. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯ. ಸುಮಾರು ಮೂವತ್ತೈದು ಬಗೆಯ ಮೀನುಗಳು, ಯಾವುದಕ್ಕೆ ಯಾವ ಆಹಾರ ಎಂಬ ವಿವರ. ರಾಜಧಾನಿ ಈಗಿನ ಬಸವಕಲ್ಯಾಣ, ಕಡಲಿನಿಂದ ಬಹಳ ದೂರ, ಆದರೂ ದೊರೆಗೆ ಸಮುದ್ರದ ಮೀನೂ ಗೊತ್ತು. ಅಡುಗೆಯ ಭಾಗದಲ್ಲಿ ಮೀನನ್ನು ತುಂಡು ಮಾಡಿ ತೊಳೆದು ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಹೊರಳಿಸಿ ಹುರಿದು, ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ ಉದುರಿಸುವ ಕ್ರಮ ಹೇಳಿದ್ದಾನೆ. ಕೆಂಡದ ಮೇಲೆ ಮಾಂಸ ಸುಡುವುದನ್ನೂ ಹೇಳಿದ್ದಾನೆ. ಹುಳಿ, ಉಪ್ಪು, ಒಳ್ಳೆಮೆಣಸು: ನಮ್ಮ ಭಾನುವಾರದ ಮಾಂಜಿ ಇದಕ್ಕೆ ಹತ್ತಿರವೋ, ಅತ್ತೆಯವರ ಗಸಿ ಹತ್ತಿರವೋ, ನೀವೇ ಹೇಳಿ.

ಕನ್ನಡದಲ್ಲೇ ಅಡುಗೆಯ ಗ್ರಂಥ ಬೇಕೆಂದರೆ ಹದಿನಾರನೇ ಶತಮಾನದ ಆದಿಯ ಮೂರನೇ ಮಂಗರಸನ 'ಸೂಪಶಾಸ್ತ್ರ' ಇದೆ. ಸೊಗಸಾದ ಪುಸ್ತಕ, ಆದರೆ ಕವಿ ಜೈನ, ಅಡುಗೆಯೆಲ್ಲ ಸಸ್ಯಾಹಾರ. ಕರಾವಳಿಯಲ್ಲಿ ಆ ಕಾಲಕ್ಕೆ ಬಲೆ ಎಳೆಯುತ್ತಿದ್ದವರು ಬರೆಯಲಿಲ್ಲ. ಅವರ ಪಾಕಶಾಸ್ತ್ರ ಬಾಯಿಂದ ಬಾಯಿಗೆ, ಸರಿಯಾಗಿ ಹೇಳಬೇಕೆಂದರೆ ಕೈಯಿಂದ ಕೈಗೆ ಬಂತು. ಮೀನು ತಿನ್ನುವವರು ದಾಖಲೆಯಿಂದ ಜಾರಿಹೋಗುವುದು ಮದ್ರಾಸಿನಲ್ಲಿ ಶುರುವಾದದ್ದಲ್ಲ ನೋಡಿ.

ಇನ್ನೊಂದು ಮಾತು. ಗ್ರಿಲ್ ಮಾಡಿದ ಮೀನು ಏನನ್ನೂ ಮುಚ್ಚಿಡುವುದಿಲ್ಲ. ಎರಡು ದಿನ ಹಳೆಯದಾದರೆ ಮಸಾಲೆ ಸ್ವಲ್ಪ ಮಟ್ಟಿಗೆ ಕಾಪಾಡಬಹುದು, ನಿಂಬೆ ಕಾಪಾಡದು. ಹಾಗಾಗಿ ಐಸು ಬರುವ ಮುಂಚೆ ಈ ಅಡುಗೆ ಕಡಲ ದಂಡೆಯವರ ಭಾಗ್ಯ ಮಾತ್ರ. ದೂರದವರಿಗೆ ಒಣಮೀನೇ ಗತಿ. ಮಂಗಳೂರಿಗೆ ರೈಲು ಬಂದ ಅದೇ 1907ರಲ್ಲಿ ಮದ್ರಾಸ್ ಸರಕಾರ ಸರ್ ಫ್ರೆಡರಿಕ್ ನಿಕಲ್ಸನ್ ಅವರ ಕೈಯಲ್ಲಿ ಮೀನುಗಾರಿಕೆಗೊಂದು ವಿಭಾಗ ತೆರೆಯಿತು. ಅವರು ತಲೆ ಕೆಡಿಸಿಕೊಂಡದ್ದೂ ಹೆಚ್ಚಾಗಿ ಉಪ್ಪು ಹಾಕುವುದು, ಡಬ್ಬಿಗೆ ತುಂಬುವುದು, ಮೀನೆಣ್ಣೆ ತೆಗೆಯುವುದು ಇವುಗಳ ಬಗ್ಗೆಯೇ. ಮಂಗಳೂರು ಮೇಲಿನಲ್ಲಿ ನಮ್ಮವರ ಟ್ರಂಕಿನೊಳಗೆ ಬರುತ್ತಿದ್ದದ್ದೂ ಒಣಮೀನು. ಒಲೆಯ ಕೆಂಡದಲ್ಲಿ ಸುಟ್ಟು ಗಂಜಿಗೆ ನಂಜಿಕೊಂಡರೆ ಬೇರೇನೂ ಬೇಡ. ಆದರೆ ಬಾಡಿಗೆ ಮನೆಗೆ ಸೀಮೆಎಣ್ಣೆ ಸ್ಟೌ, ಆಮೇಲೆ ಗ್ಯಾಸು ಬಂದು ಕೆಂಡವೇ ಇಲ್ಲದಾಯಿತು. ಸುಡುವವರು ಕಾವಲಿಗೆ ಬಂದರು, ರವೆ ಹಚ್ಚಿ ಹುರಿಯುವುದೇ ಮಂಗಳೂರಿನ ಗುರುತಾಯಿತು. ಮಕ್ಕಳು ಕರೆಂಟಿನ ಓವನ್ ತಂದು ಅದಕ್ಕೆ 'ಗ್ರಿಲ್ಡ್ ಫಿಶ್' ಅಂದಾಗ ವಾಪಸು ಬಂದದ್ದು ಅದೇ ಸುಡುವ ಕೆಲಸ, ಹೊಗೆ ಒಂದು ಬಿಟ್ಟು.

ಅಂದ ಹಾಗೆ, ಚೆನ್ನೈಯಲ್ಲಿರುವವರು ಏಪ್ರಿಲ್ 15ರಿಂದ ಜೂನ್ 14ರ ತನಕ ಮೀನು ಕೊಳ್ಳುವಾಗ ಸ್ವಲ್ಪ ವಿಚಾರಿಸಿ ಕೊಳ್ಳಿ. ಪೂರ್ವ ಕರಾವಳಿಯಲ್ಲಿ ಆಗ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ನಮ್ಮ ಕಡೆ ನಿಷೇಧ ಜೂನ್ 1ರಿಂದ ಜುಲೈ 31. ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಕಾಸಿಮೇಡಿನ ದೊಡ್ಡ ದೋಣಿಗಳು ದಡದಲ್ಲಿ, ಮಂಗಳೂರು, ಮಲ್ಪೆಯವು ಕಡಲಲ್ಲಿ. ಪಶ್ಚಿಮ ಕರಾವಳಿಯ ಮೀನು ಐಸಿನ ಪೆಟ್ಟಿಗೆಯಲ್ಲಿ ಇಲ್ಲಿಗೆ ಬರುವ ಕಾಲ ಅದು. ಮೀನಿನ ಅಕ್ಕನನ್ನು ಎಲ್ಲಿಯದು ಅಂತ ಕೇಳಿ, ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ಸುಡಲಿಕ್ಕೆ ತನ್ನಿ, ಕಂದು ತಿರುಗಿದ್ದರೆ ಬಿಟ್ಟುಬನ್ನಿ.