ಕಾಫಿ ಸಂಸ್ಕರಣೆಯ ತ್ಯಾಜ್ಯನೀರು

ಕಾಫಿ ಸಂಸ್ಕರಣೆಯ ತ್ಯಾಜ್ಯನೀರು ಎಂದರೆ ಕಾಫಿ ಹಣ್ಣಿನ ಸಿಪ್ಪೆಯನ್ನು ಬಿಡಿಸಿ, ಬೀಜದ ಮೇಲಿನ ಲೋಳೆಯನ್ನು ತೊಳೆದಾಗ ಹೊರಬರುವ ನೀರು. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ತೋಟಗಳಲ್ಲಿ ಉತ್ಪತ್ತಿಯಾಗುತ್ತದೆ. ಈ ನೀರಿನಲ್ಲಿರುವುದು ಬಹುಪಾಲು ಹಣ್ಣಿನದೇ ಸಕ್ಕರೆ ಮತ್ತು ಪೆಕ್ಟಿನ್. ಆದರೂ ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ಜಲಚರಗಳಿಗೆ ಮಾರಕವಾಗುತ್ತದೆ.

ಉತ್ಪತ್ತಿ

ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ‘ಚೆರಿ’ ಕಾಫಿ ತಯಾರಿಸುವ ಒಣ ವಿಧಾನದಲ್ಲಿ ತ್ಯಾಜ್ಯನೀರು ಬಹುತೇಕ ಇರುವುದಿಲ್ಲ. ‘ಪಾರ್ಚ್‌ಮೆಂಟ್’ ಕಾಫಿ ತಯಾರಿಸುವ ಹಸಿ ವಿಧಾನದಲ್ಲಿ ಕೊಯ್ದ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ. ಬೀಜಕ್ಕೆ ಅಂಟಿದ ಲೋಳೆಯನ್ನು ತೊಟ್ಟಿಯಲ್ಲಿ ಹುದುಗಿಸಿ ಸಡಿಲಗೊಳಿಸಿ, ಅನಂತರ ತೊಳೆಯುತ್ತಾರೆ. ಈ ಎಲ್ಲ ಹಂತಗಳಿಗೂ ನೀರು ಬೇಕಾಗುತ್ತದೆ.

ಗುಣಲಕ್ಷಣಗಳು

ಸಕ್ಕರೆಯು ಹುದುಗಿ ಆಮ್ಲವಾಗುವುದರಿಂದ ಈ ನೀರಿನ ಪಿಎಚ್ ಮೌಲ್ಯ ೪ರ ಆಸುಪಾಸಿಗೆ ಇಳಿಯುತ್ತದೆ. ಸಾವಯವ ವಸ್ತುಗಳನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣವನ್ನು ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಕಾಫಿ ತ್ಯಾಜ್ಯನೀರಿನಲ್ಲಿ ಇದು ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಇರುತ್ತದೆ. ಶುದ್ಧವಾದ ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಸುಮಾರು ೮ ಮಿಲಿಗ್ರಾಂ ಮಾತ್ರ. ಬೇಡಿಕೆ ೮,೦೦೦ ಮಿಲಿಗ್ರಾಂ ಇದ್ದರೆ, ಒಂದು ಲೀಟರ್ ತ್ಯಾಜ್ಯನೀರು ಸಾವಿರ ಲೀಟರ್ ಶುದ್ಧ ನೀರಿನ ಆಮ್ಲಜನಕವನ್ನು ಬರಿದುಮಾಡಬಲ್ಲದು. ಮೀನುಗಳು ಸಾಯುವುದಕ್ಕೆ ಇದೇ ಮುಖ್ಯ ಕಾರಣ.

ಪರಿಸರದ ಮೇಲಿನ ಪರಿಣಾಮ

ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಮಳೆಗಾಲ ಮುಗಿದು ಹಳ್ಳಗಳ ಹರಿವು ಕ್ಷೀಣಿಸುವ ಕಾಲವೂ ಇದೇ. ಆದ್ದರಿಂದ ಸೇರಿದ ಕಲ್ಮಶವು ತೆಳುವಾಗದೆ ಉಳಿದು, ನೀರು ಕಪ್ಪಾಗಿ ದುರ್ವಾಸನೆ ಬೀರುತ್ತದೆ. ಕಾಫಿ ನಾಡಿನ ತೊರೆಗಳು ಕಾವೇರಿ, ಹೇಮಾವತಿ, ಭದ್ರಾ ಮೊದಲಾದ ನದಿಗಳನ್ನು ಸೇರುತ್ತವೆ. ಹೀಗಾಗಿ ತೋಟದ ಕೆಳಗಿನ ಊರುಗಳ ಜನ ಜಾನುವಾರುಗಳಿಗೂ ತೊಂದರೆಯಾಗುತ್ತದೆ. ತಳಕ್ಕೆ ಹೊದಿಕೆಯಿಲ್ಲದ ಗುಂಡಿಗಳಲ್ಲಿ ನೀರನ್ನು ನಿಲ್ಲಿಸಿದರೆ ಅದು ಬಾವಿಗಳಿಗೆ ಇಂಗುವ ಸಂಭವವಿದೆ.

ಪ್ರಮಾಣವನ್ನು ತಗ್ಗಿಸುವ ಕ್ರಮಗಳು

ಪಲ್ಪರ್‌ನಲ್ಲಿ ಬಳಸಿದ ನೀರನ್ನು ಸೋಸಿ ಮರುಬಳಸುವುದು ಸರಳವಾದ ಉಪಾಯ. ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ಸಾಗಿಸದೆ ಒಣದಾಗಿ ಬೇರ್ಪಡಿಸಿದರೆ ಅದರ ಸಕ್ಕರೆ ನೀರಿಗೆ ಕರಗುವುದು ಕಡಿಮೆಯಾಗುತ್ತದೆ. ಆ ಸಿಪ್ಪೆಯಿಂದ ಕಾಂಪೋಸ್ಟ್ ಗೊಬ್ಬರವನ್ನೂ ಮಾಡಬಹುದು. ಲೋಳೆಯನ್ನು ಉಜ್ಜಿ ತೆಗೆಯುವ ಯಂತ್ರಗಳಿಗೆ ಹುದುಗಿಸುವ ತೊಟ್ಟಿ ಬೇಕಾಗುವುದಿಲ್ಲ, ನೀರೂ ಅಲ್ಪ ಸಾಕು. ಆದರೆ ಹೊರಬರುವ ಅಲ್ಪ ನೀರು ಹೆಚ್ಚು ಗಾಢವಾಗಿರುವುದರಿಂದ ಶುದ್ಧೀಕರಣ ಅನಿವಾರ್ಯ.

ಶುದ್ಧೀಕರಣ

ಶುದ್ಧೀಕರಣವು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

೧. ಜಾಲರಿಯಿಂದ ಸಿಪ್ಪೆ, ಬೀಜಗಳನ್ನು ಸೋಸುವುದು.
೨. ಸುಣ್ಣ ಬೆರೆಸಿ ಆಮ್ಲೀಯತೆಯನ್ನು ತಗ್ಗಿಸಿ, ಘನವಸ್ತುವನ್ನು ತಳಕ್ಕಿಳಿಸುವುದು.
೩. ಆಮ್ಲಜನಕವಿಲ್ಲದ ಹೊಂಡ ಅಥವಾ ಮುಚ್ಚಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಂದ ಕೊಳೆಯಿಸುವುದು. ಮುಚ್ಚಿದ ತೊಟ್ಟಿಯಿಂದ ಬರುವ ಜೈವಿಕ ಅನಿಲವನ್ನು ಇಂಧನವಾಗಿ ಬಳಸಬಹುದು.
೪. ಮುಂದಿನ ಹೊಂಡದಲ್ಲಿ ಯಂತ್ರದಿಂದ ಗಾಳಿಯಾಡಿಸಿ ಉಳಿದ ಕಲ್ಮಶವನ್ನು ಕರಗಿಸುವುದು.

ಸುಣ್ಣವು ಆಮ್ಲೀಯತೆಯನ್ನಷ್ಟೇ ನಿವಾರಿಸುತ್ತದೆ. ಕರಗಿರುವ ಸಕ್ಕರೆಯನ್ನು ತೆಗೆಯುವುದಿಲ್ಲ. ಆದ್ದರಿಂದ ಸುಣ್ಣ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸಲಾಗದು. ಸಂಸ್ಕರಣೆ ವರ್ಷದಲ್ಲಿ ಕೆಲವೇ ತಿಂಗಳು ನಡೆಯುವುದರಿಂದ ಪ್ರತಿ ಹಂಗಾಮಿನಲ್ಲೂ ಬ್ಯಾಕ್ಟೀರಿಯಾಗಳನ್ನು ಹೊಸದಾಗಿ ಬೆಳೆಸಬೇಕಾಗಬಹುದು. ಇದಕ್ಕಾಗಿ ಸಗಣಿಯ ಬಗ್ಗಡವನ್ನು ಬಳಸುತ್ತಾರೆ. ದುಬಾರಿ ವೆಚ್ಚದ ಕಾರಣ ಸಣ್ಣ ಬೆಳೆಗಾರರಿಗೆ ಪೂರ್ಣ ಘಟಕ ನಿರ್ಮಿಸುವುದು ಕಷ್ಟ.

ಕಾನೂನು

ತ್ಯಾಜ್ಯನೀರಿನ ವಿಸರ್ಜನೆಯು ೧೯೭೪ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯಿದೆಗೆ ಒಳಪಡುತ್ತದೆ. ರಾಜ್ಯದಲ್ಲಿ ಇದರ ಮೇಲ್ವಿಚಾರಣೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ೧೯೮೬ರ ಪರಿಸರ (ಸಂರಕ್ಷಣೆ) ನಿಯಮಗಳ ಸಾಮಾನ್ಯ ಮಾನದಂಡದಂತೆ, ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆಯ ಮಿತಿ ಲೀಟರಿಗೆ ೩೦ ಮಿಲಿಗ್ರಾಂ, ನೀರಾವರಿಗಾಗಿ ಭೂಮಿಗೆ ಹರಿಸುವ ನೀರಿನದು ೧೦೦ ಮಿಲಿಗ್ರಾಂ.