ಒಂದು ಚುಕ್ಕಿಯ ಕಥೆ

ಇಂಗ್ಲಿಷಿನ ದೊಡ್ಡ 'ಐ' ಅಕ್ಷರವನ್ನು ಚಿಕ್ಕದಾಗಿ ಬರೆದರೆ ತಲೆಯ ಮೇಲೊಂದು ಚುಕ್ಕಿ ಬರುತ್ತದೆ. ತುರ್ಕಿಯಲ್ಲಿ ಹಾಗಲ್ಲ. 1928ರಲ್ಲಿ ಮುಸ್ತಫಾ ಕೆಮಾಲ್ ಸರ್ಕಾರ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದಾಗ, ಎರಡು ಬೇರೆ ಸ್ವರಗಳಿಗೆ ಚುಕ್ಕಿಯುಳ್ಳದ್ದು, ಚುಕ್ಕಿಯಿಲ್ಲದ್ದು ಎಂಬ ಎರಡು ಅಕ್ಷರಗಳಾದವು.

ಏಳು ದಶಕಗಳ ಬಳಿಕ ಈ ಚುಕ್ಕಿ ಕಂಪ್ಯೂಟರನ್ನು ಕಾಡಿತು. 1989ರ 'ಸಿ' ಭಾಷೆಯ ನಿಯಮದಂತೆ, ಪ್ರೋಗ್ರಾಮು ತಾನಾಗಿ ಕೇಳುವವರೆಗೆ ಯಂತ್ರದಲ್ಲಿ ನಮೂದಾದ ನಾಡಿನ ರೂಢಿ ಅನ್ವಯಿಸದು. 1997ರ 'ಜಾವಾ' ಕೇಳದೆಯೇ ಅದನ್ನು ಪಾಲಿಸಿತು. 'ಫೈಲ್' ಎಂಬ ದೊಡ್ಡಕ್ಷರದ ಆದೇಶವನ್ನು ಚಿಕ್ಕಕ್ಷರಕ್ಕೆ ಇಳಿಸಿದರೆ ತುರ್ಕಿ ಯಂತ್ರದಲ್ಲಿ ಚುಕ್ಕಿಯೇ ಮಾಯ! ಪದದ ಗುರುತು ಸಿಗದೆ, ಬೇರೆಡೆ ಸರಿಯಾಗಿದ್ದ ಪ್ರೋಗ್ರಾಮು ಅಲ್ಲಿ ಎಡವುತ್ತಿತ್ತು. 2006ರಲ್ಲಿ ಜಾವಾಕ್ಕೆ ಯಾವ ನಾಡಿಗೂ ಸೇರದ 'ರೂಟ್' ಎಂಬ ತಟಸ್ಥ ರೂಢಿ ಸೇರಿತು.

ತುರ್ಕರ ಅಕ್ಷರದಲ್ಲಿ ದೋಷವಿರಲಿಲ್ಲ. ಜನರ ನುಡಿಗೂ ಯಂತ್ರದ ಆದೇಶಕ್ಕೂ ಒಂದೇ ನಿಯಮ ಸಾಲದೆಂಬುದನ್ನು ಮರೆತದ್ದೇ ದೋಷ.