ಬೀಜಧನದ ಫಲವನ್ನು ಅಳೆಯುವ ಬಗೆ: ಜನಸಮುದಾಯ ಆರೋಗ್ಯ ಸಂಶೋಧನೆಯ ಹಿನ್ನೆಲೆಯಲ್ಲಿ

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯವು 2016ರಲ್ಲಿ, ಆಗಿನ ಅಧ್ಯಕ್ಷೆ ಆನಾ ಮಾರಿ ಕೌಸಿ ಅವರ ಮುಂದಾಳತ್ವದಲ್ಲಿ, ಜನಸಮುದಾಯ ಆರೋಗ್ಯದ 25 ವರ್ಷಗಳ ಯೋಜನೆಯೊಂದನ್ನು ಹಮ್ಮಿಕೊಂಡಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನ ಇದಕ್ಕೊಂದು ಕಟ್ಟಡ ಕಟ್ಟಲು 21 ಕೋಟಿ ಡಾಲರ್ ನೀಡಿತು. ಕಟ್ಟಡಕ್ಕೆ ಸ್ವೀಡನ್ನಿನ ವೈದ್ಯ, ಅಂಕಿಅಂಶ ನಿರೂಪಕ ಹಾನ್ಸ್ ರೋಸ್ಲಿಂಗ್ ಅವರ ಹೆಸರಿಡಲಾಯಿತು. ಎಲ್ಲರ ಕಣ್ಣಿಗೂ ಬೀಳುವುದು ಕಟ್ಟಡವೇ. ಪ್ರಸ್ತುತ ಲೇಖನದ ಆಸಕ್ತಿ ಇರುವುದು ಆ ಯೋಜನೆ ಹಂಚುವ ಸಣ್ಣ ಮೊತ್ತದ ಆರಂಭಿಕ ಅನುದಾನಗಳಲ್ಲಿ, ಅಂದರೆ ಬೀಜಧನದಲ್ಲಿ.

ಡೇವಿಡ್ ಕಿಂಡಿಗ್ ಮತ್ತು ಗ್ರೆಗ್ ಸ್ಟಾಡರ್ಟ್ 2003ರಲ್ಲಿ ಕೊಟ್ಟ ನಿರೂಪಣೆಯಂತೆ, ಜನಸಮುದಾಯ ಆರೋಗ್ಯವೆಂದರೆ ಒಂದು ಗುಂಪಿನ ಆರೋಗ್ಯ ಸ್ಥಿತಿ ಮಾತ್ರವಲ್ಲ, ಆ ಸ್ಥಿತಿ ಗುಂಪಿನೊಳಗೆ ಹಂಚಿಕೆಯಾಗಿರುವ ಬಗೆಯೂ ಹೌದು. ಹಂಚಿಕೆಯ ಪ್ರಶ್ನೆ ಎತ್ತಿದೊಡನೆ ಮನೆಬಾಡಿಗೆ, ಕೂಲಿ, ಗಾಳಿಯ ಗುಣಮಟ್ಟ, ಬಸ್ ಸೌಕರ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವೈದ್ಯರೊಬ್ಬರಿಂದಲೇ ಉತ್ತರ ದೊರೆಯದು. ಆದರೆ ದೊಡ್ಡ ಅನುದಾನ ಸಂಸ್ಥೆಗಳ ಪರಿಶೀಲನಾ ಸಮಿತಿಗಳು ಬಹುಮಟ್ಟಿಗೆ ವಿಷಯವಾರು ರಚನೆಯಾಗಿರುತ್ತವೆ, ಮೇಲಾಗಿ ಪ್ರಾಥಮಿಕ ದತ್ತಾಂಶವನ್ನೂ ನಿರೀಕ್ಷಿಸುತ್ತವೆ. ಹಣವಿಲ್ಲದೆ ದತ್ತಾಂಶವಿಲ್ಲ, ದತ್ತಾಂಶವಿಲ್ಲದೆ ಹಣವಿಲ್ಲ. ಇದು ಬರಿಯ ಗೊಣಗಾಟವಲ್ಲ. ಲಿಂಡೆಲ್ ಬ್ರೋಮ್‌ಹ್ಯಾಮ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,476 ಪ್ರಸ್ತಾವಗಳನ್ನು ಪರಿಶೀಲಿಸಿ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, ಪ್ರಸ್ತಾವ ಹೆಚ್ಚು ಅಂತರ್‌ಶಿಸ್ತೀಯವಾದಷ್ಟೂ ಅದಕ್ಕೆ ಹಣ ಸಿಗುವ ಸಾಧ್ಯತೆ ಕಡಿಮೆ.

ಸಿಯಾಟಲ್‌ನ ಅನುದಾನಗಳು ಈ ಕಂದಕವನ್ನು ದಾಟಿಸಲು ಹುಟ್ಟಿದವು. ಮೊತ್ತ ಹಂತಹಂತವಾಗಿ ಏರುತ್ತದೆ: ಮೊದಲ ಹಂತ ತಂಡ ಕೂಡಲು, ಮುಂದಿನವು ವಿಚಾರವನ್ನು ಪರೀಕ್ಷಿಸಿ ಬೆಳೆಸಲು. ಮೊದಲ ಹಂತವೇ ಅತ್ಯಂತ ಕಷ್ಟದ್ದೆಂದು ನನ್ನ ಅಭಿಪ್ರಾಯ. ಒಂದೇ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಿಗೂ ಶುಶ್ರೂಷಾ ಪ್ರಾಧ್ಯಾಪಕರಿಗೂ ಪರಸ್ಪರ ಮುಖಪರಿಚಯವೇ ಇಲ್ಲದಿರುವುದು ಅಪರೂಪವೇನಲ್ಲ. ಹಾರ್ವರ್ಡ್‌ನಲ್ಲಿ ಕೆವಿನ್ ಬೂಡ್ರೊ ಮತ್ತಿತರರು ನಡೆಸಿದ ಪ್ರಯೋಗ ಇಲ್ಲಿ ಮುಖ್ಯ. ವೈದ್ಯಕೀಯ ಚಿತ್ರಣದ ಬೀಜಧನಕ್ಕೆ ಅರ್ಜಿ ಹಾಕಲಿದ್ದ ವಿಜ್ಞಾನಿಗಳನ್ನು ಬೇರೆ ಬೇರೆ ಕೋಣೆಗಳಿಗೆ ಚೀಟಿ ಎತ್ತಿದಂತೆ ಹಂಚಿ, 90 ನಿಮಿಷ ಮಾತಾಡಲು ಬಿಟ್ಟರು. ಒಂದೇ ಕೋಣೆಯಲ್ಲಿದ್ದವರು ಜೊತೆಗೂಡಿ ಅರ್ಜಿ ಹಾಕುವ ಸಂಭವ ಶೇ. 75ರಷ್ಟು ಹೆಚ್ಚಿತು. ಮೂಲ ಸಂಭವವೇ ಶೇ. 1ಕ್ಕಿಂತ ಕಡಿಮೆಯಿತ್ತೆಂಬುದನ್ನೂ ನೆನಪಿಡಬೇಕು. ಆದರೂ ಹಣಕ್ಕಿಂತ ಮೊದಲು ಬೇಕಾದದ್ದು ಭೇಟಿ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷ್ಯ ಸಿಗುವುದು ಕಷ್ಟ.

ನನ್ನ ತಕರಾರು ಫಲ ಅಳೆಯುವ ಬಗೆಯ ಮೇಲೆ. ಹೂಡಿದ ಪ್ರತಿ ಡಾಲರಿಗೆ ಹೊರಗಿನಿಂದ ಎಷ್ಟು ಡಾಲರ್ ಬಂತು ಎಂಬ ಅನುಪಾತವನ್ನು ವಿಶ್ವವಿದ್ಯಾಲಯಗಳು ಹೆಮ್ಮೆಯಿಂದ ಮುಂದಿಡುತ್ತವೆ. ಆಯ್ಕೆಯಾದವರು ಮೊದಲೇ ಸಮರ್ಥರಾಗಿದ್ದರೆ ಆ ಹಣ ಬೀಜಧನವಿಲ್ಲದೆಯೂ ಬರುತ್ತಿತ್ತಲ್ಲ! ಇನ್ನೊಂದು ಅಪಾಯವಿದೆ: ಅನುಪಾತವೇ ಗುರಿಯಾದರೆ ಆಯ್ಕೆ ಸಮಿತಿ ಗೆಲ್ಲುವ ಕುದುರೆಗಳನ್ನೇ ಆರಿಸುತ್ತದೆ, ಯಾವ ವಿಭಾಗಕ್ಕೂ ಸೇರದ ಪ್ರಶ್ನೆಗಳು ಮತ್ತೆ ಹೊರಗುಳಿಯುತ್ತವೆ. ವಿಚಾರವೊಂದು ನಿಲ್ಲುವುದಿಲ್ಲವೆಂದು ಕಡಿಮೆ ಖರ್ಚಿನಲ್ಲಿ, ಬೇಗ ತಿಳಿದರೆ ಅದೂ ಫಲವೇ. ಆದರೆ ಯಾವ ಅನುಪಾತದಲ್ಲೂ ಅದಕ್ಕೆ ಜಾಗವಿಲ್ಲ.

ಇಂಥ ನಿಧಿ ಸ್ಥಾಪಿಸಲು ಹೊರಟ ವಿಶ್ವವಿದ್ಯಾಲಯಗಳು, ನಮ್ಮವೂ ಸೇರಿದಂತೆ, ಅಂಚಿನಲ್ಲಿ ಆಯ್ಕೆಯಾದ ತಂಡಗಳನ್ನೂ ಅಂಚಿನಲ್ಲೇ ತಪ್ಪಿಹೋದ ತಂಡಗಳನ್ನೂ ಐದಾರು ವರ್ಷ ಹಿಂಬಾಲಿಸಿ ಹೋಲಿಸಬೇಕು. ಅದಕ್ಕೆ ಬೇಕಾದ ದಾಖಲೆಯನ್ನು ಮೊದಲ ಸುತ್ತಿನ ಅರ್ಜಿಗಳಿಂದಲೇ ಇಡತೊಡಗಬೇಕು.